ಪಕ್ಕದ ಮನೆ ಅಜ್ಜಿ ಕೊಟ್ಟ ಹಳೇ ಕೋವಿ: ಎಚ್‌1ಬಿ ವೀಸಾದಲ್ಲಿ ಇಟ್ಟುಕೊಳ್ಳಬಹುದೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ. ಪೂರ್ತಿ ಓದಿ, ಗೊತ್ತಿದ್ದವರು ಉತ್ತರಿಸಿ.

ನಾವಿರುವುದು ಒಹಾಯೋದಲ್ಲಿ, ಕೊಲಂಬಸ್‌ನ ಹೊರವಲಯ. ಪಕ್ಕದ ಮನೆಯಲ್ಲಿ 84 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಹಿಮ ಬಿದ್ದ ದಿನ ಅವರ ಮನೆ ಮುಂದಿನ ದಾರಿಯನ್ನು ನಾನೂ ಮಗನೂ ಸೇರಿ ಬಿಡಿಸಿಕೊಡುತ್ತೇವೆ, ಏಳು ವರ್ಷದಿಂದ ನಡೆದು ಬಂದ ಪದ್ಧತಿ. ಈಗ ಅವರು ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾರೆ. ಕಳೆದ ಭಾನುವಾರ ನಮ್ಮನ್ನು ಕರೆದು, ನೆಲಮಾಳಿಗೆಯಿಂದ ಕೌದಿಯಲ್ಲಿ ಸುತ್ತಿದ ಉದ್ದನೆಯದೊಂದನ್ನು ತಂದು ಊಟದ ಮೇಜಿನ ಮೇಲೆ ಇಟ್ಟರು. ಬಿಚ್ಚಿದರೆ ಕೋವಿ. ಅವರ ಗಂಡನ ತಾತ ಕೊಂಡದ್ದಂತೆ. "ನನ್ನ ಮೊಮ್ಮಕ್ಕಳಿಗೆ ಇದು ಬೇಡ. ನಿಮ್ಮ ಹುಡುಗ ಇದರ ಬಗ್ಗೆ ಎಷ್ಟು ಸಲ ಕೇಳಿದ್ದಾನೆ! ಅವನಿಗಿರಲಿ" ಅಂದರು. ಬೇಡ ಅನ್ನಲು ಬಾಯಿ ಬರಲಿಲ್ಲ.

ಸುಮಾರು ನಾಲ್ಕೂಕಾಲು ಅಡಿ ಉದ್ದ, ನಾಲ್ಕು ಕೆಜಿ ತೂಕ. ಗುಂಡು ಹಾರಿಸಲು ಬಡಿಯುವ ಕುದುರೆಯ ಪಕ್ಕದ ಕಬ್ಬಿಣದ ತಗಡಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಜೊತೆಗೆ "ಯು.ಎಸ್. ಸ್ಪ್ರಿಂಗ್‌ಫೀಲ್ಡ್" ಎಂಬ ಅಚ್ಚು. ನಳಿಗೆಯ ಬುಡದಲ್ಲಿ ಒಂದು ಮುಚ್ಚಳವಿದೆ. ಬಲಗಡೆಯ ಚಿಲಕವನ್ನು ಹೆಬ್ಬೆರಳಿನಿಂದ ಎತ್ತಿದರೆ ಅಟ್ಟದ ಬಾಗಿಲು ತೆರೆದ ಹಾಗೆ ಮುಂದಕ್ಕೆ ಮೇಲೇಳುತ್ತದೆ. ಅದರ ಮೇಲೆ "ಮಾಡೆಲ್ 1873" ಅಂತಿದೆ. ಮರದ ಎಡಬದಿಯಲ್ಲಿ ಮೂರು ಅಕ್ಷರ, ಎಸ್‌ಡಬ್ಲ್ಯೂಪಿ, ಕೆಳಗೆ 1888. ಕೌದಿಯೊಳಗೆ ಒಂದು ತಂಬಾಕಿನ ಡಬ್ಬಿಯೂ ಇತ್ತು. ಅದರಲ್ಲಿ ಐದು ತೋಟೆ, ಒಂದೊಂದೂ ಕಿರುಬೆರಳಿನಷ್ಟು ದಪ್ಪ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಗಿಡಿದು, ಚರೆ ಹಾಕಿ, ಮತ್ತೆ ಗಿಡಿದು, ಕೊನೆಗೆ ಕೇಪು ಇಡುತ್ತಿದ್ದರು. ಅಷ್ಟರಲ್ಲಿ ಹಂದಿ ಗದ್ದೆ ದಾಟಿ ಹೋಗಿರುತ್ತಿತ್ತು. ಲೈಸೆನ್ಸಿನ ಪುಸ್ತಕ ದೇವರ ಗೂಡಿನಲ್ಲಿ ಪಂಚಾಂಗದ ಜೊತೆ ಇರುತ್ತಿತ್ತು. ಚುನಾವಣೆ ಬಂತೆಂದರೆ ಕೋವಿಯನ್ನು ಹೆಗಲಿಗೇರಿಸಿ ಠಾಣೆಗೆ ಹೋಗಿ ಇಟ್ಟು, ರಸೀದಿ ತಂದು ಅದೇ ಪುಸ್ತಕದೊಳಗೆ ಸಿಕ್ಕಿಸುತ್ತಿದ್ದರು. ಹಾಗಾಗಿ ಕೋವಿ ಕಂಡರೆ ನನಗೆ ಮೊದಲು ನೆನಪಾಗುವುದು ಆ ರಸೀದಿ. ಇಲ್ಲಿ ಅಜ್ಜಿ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇಲ್ಲ, ಅದೇ ನನಗೆ ದಿಗಿಲು.

ನನ್ನದು ಎಚ್‌1ಬಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಹನ್ನೊಂದು ವರ್ಷವಾಯಿತು. "ಇಷ್ಟು ವರ್ಷ ಕಾದದ್ದು ಒಂದು ಕಬ್ಬಿಣಕ್ಕೋಸ್ಕರ ನೀರಲ್ಲಿ ಹೋಗಬೇಕಾ?" ಅಂತ ನನ್ನ ಹೆಂಡತಿ ಎರಡು ರಾತ್ರಿ ನಿದ್ದೆ ಮಾಡಿಲ್ಲ. ಇದನ್ನು ಇಟ್ಟುಕೊಳ್ಳುವುದು ತಪ್ಪೇ?

ಇನ್ನೊಂದು, ಮಗನ ಪ್ರಶ್ನೆ. ಎಂಟನೇ ಕ್ಲಾಸಿನಲ್ಲಿ ಸಂವಿಧಾನ ಓದುತ್ತಿದ್ದಾನೆ. "ಆಯುಧದ ಹಕ್ಕಿನ ವಾಕ್ಯ ಜಾರಿಗೆ ಬಂದದ್ದು 1791ರಲ್ಲಿ, ಬರೆದವರ ಕಣ್ಣೆದುರು ಇದ್ದದ್ದು ಇದಕ್ಕಿಂತ ಹಳೇ ಕೋವಿ. ಈಗಿನ ರೈಫಲ್‌ಗೂ ಅದೇ ವಾಕ್ಯ ಹೇಗೆ ಅನ್ವಯಿಸುತ್ತದೆ?" ಅಂತ ಕೇಳಿದ. ನಾನು ಸಾಫ್ಟ್‌ವೇರ್‌ನವನು, ನನ್ನ ಬಳಿ ಉತ್ತರವಿಲ್ಲ. ಅಂದಹಾಗೆ ಈ ಸ್ಪ್ರಿಂಗ್‌ಫೀಲ್ಡ್ ಎಂದರೆ ನಮ್ಮಿಂದ ಮುಕ್ಕಾಲು ಗಂಟೆ ದಾರಿಯಲ್ಲಿರುವ ಒಹಾಯೋದ ಊರೇ?

ಕಾಯ್ದೆಕಟ್ಲೆ:

ನಮಸ್ಕಾರ ಸರ್. ನಾನು ವಲಸೆ ಕಾನೂನಿನ ಕಚೇರಿಯಲ್ಲಿ ಕೆಲಸ ಮಾಡುವವಳು. ನಿಮ್ಮ ವಕೀಲರನ್ನು ಕೇಳುವುದಕ್ಕೆ ಇದು ಬದಲಿಯಲ್ಲ. ಆದರೆ ಮೇಡಂ ಇವತ್ತು ರಾತ್ರಿ ನಿದ್ದೆ ಮಾಡಲಿ ಅಂತ ಈಗಲೇ ಬರೆಯುತ್ತಿದ್ದೇನೆ.

ಫೆಡರಲ್ ಕಾನೂನಿನ 922ನೇ ಸೆಕ್ಷನ್ನಿನಲ್ಲಿ, ಯಾರು ಯಾರು ಕೋವಿ ಇಟ್ಟುಕೊಳ್ಳಬಾರದು ಎಂಬ ಪಟ್ಟಿ ಇದೆ. ಶಿಕ್ಷೆಯಾದ ಅಪರಾಧಿಗಳ ಜೊತೆಗೆ, ನಮ್ಮ ಹಾಗೆ ತಾತ್ಕಾಲಿಕ ವೀಸಾದಲ್ಲಿ ಬಂದವರನ್ನೂ 1998ರಲ್ಲಿ ಆ ಪಟ್ಟಿಗೆ ಸೇರಿಸಿದರು. ಎಚ್‌1ಬಿ, ಎಫ್1, ಎಲ್1 ಎಲ್ಲವೂ ಅದರೊಳಗೆ ಬರುತ್ತವೆ. ಗ್ರೀನ್ ಕಾರ್ಡ್ ಇದ್ದವರು ಬರುವುದಿಲ್ಲ. ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದ ವೀಸಾದಾರರಿಗೆ ವಿನಾಯಿತಿ ಇದೆ, ಆದರೆ ನಿಮಗೆ ಅದರ ಅಗತ್ಯ ಬೀಳಲಾರದು.

ಏಕೆಂದರೆ ಅದೇ ಕಾನೂನು "ಫೈರ್‌ಆರ್ಮ್" ಎಂಬ ಪದಕ್ಕೆ ಕೊಟ್ಟಿರುವ ಅರ್ಥದಿಂದ ಪುರಾತನ ಕೋವಿಗಳನ್ನು ಹೊರಗಿಟ್ಟಿದೆ. 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿ ಈ ಸೆಕ್ಷನ್ನಿನ ಮಟ್ಟಿಗೆ ಫೈರ್‌ಆರ್ಮೇ ಅಲ್ಲ. ನಿಮ್ಮದು ನಿಜವಾಗಿಯೂ 1888ರದ್ದಾದರೆ ಆ ನಿಷೇಧ ಅದಕ್ಕೆ ತಾಗುವುದಿಲ್ಲ. ಒಹಾಯೋದಲ್ಲಿ ರೈಫಲ್ ಇಟ್ಟುಕೊಳ್ಳಲು ರಾಜ್ಯದ ಪರವಾನಗಿಯೂ ಬೇಡ. ಮುಂದೆ ಕೆಲಸ ಬದಲಾಯಿಸಿ ನ್ಯೂಜೆರ್ಸಿಗೋ ನ್ಯೂಯಾರ್ಕ್‌ಗೋ ಹೋದರೆ ಅಲ್ಲಿನ ಕಟ್ಟಳೆ ಬೇರೆ, ಹೋಗುವ ಮೊದಲು ಕೇಳಿ.

ಆದರೆ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು, ಅದು ಅಸಲಿಯೋ ನಕಲೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಈ ಮಾದರಿಯ ನಕಲುಗಳನ್ನು ನಮ್ಮ ಕಾಲದಲ್ಲೂ ಮಾಡಿದ್ದಾರೆ. ಅವು ಅಂಗಡಿಯಲ್ಲಿ ಸಿಗುವ ತೋಟೆ ಹಾರಿಸುವುದರಿಂದ, ನೋಡಲು ಎಷ್ಟೇ ಹಳೆಯದಿರಲಿ, ಕಾನೂನಿನ ಕಣ್ಣಿಗೆ ಹೊಸ ಕೋವಿಯೇ. ಎರಡು, ಆ ಐದು ತೋಟೆ. ನಿಷೇಧ ಕೋವಿಗೆ ಮಾತ್ರವಲ್ಲ, ಮದ್ದುಗುಂಡಿಗೂ ಇದೆ. ನಿಮ್ಮ ಕೋವಿಯ ತೋಟೆ .45-70 ಎಂಬ ಅಳತೆಯದಾಗಿದ್ದರೆ, ಅಂಥದನ್ನೇ ಹಾರಿಸುವ ಹೊಸ ರೈಫಲ್‌ಗಳು ಇವತ್ತಿಗೂ ತಯಾರಾಗುತ್ತಿವೆ. ಹಾಗಾಗಿ ತೋಟೆಗೆ ಪುರಾತನ ಎಂಬ ರಕ್ಷಣೆ ಇದೆ ಅಂತ ನಂಬಿ ಕೂರಬೇಡಿ. ಕೋವಿ ಗೋಡೆಯ ಮೇಲಿರಬಹುದು, ಡಬ್ಬಿ ನಿಮ್ಮ ಮನೆಯಲ್ಲಿ ಇರಬಾರದು. ನಾಳೆ ಬೆಳಿಗ್ಗೆ ಅಲ್ಲ, ಈಗಲೇ ಅಜ್ಜಿಗೆ ವಾಪಸ್ ಕೊಡಿ. ಅವರು ಇಲ್ಲಿನ ಪ್ರಜೆ, ಅವರಿಗೆ ತೊಂದರೆಯಿಲ್ಲ.

ಹಳೇಲೇಥು:

ತುಂಗಾತೀರ ಅವರೇ, ನನಗೀಗ ಎಪ್ಪತ್ತೊಂದು. ಬೆಂಗಳೂರಿನ ಎಚ್‌ಎಂಟಿಯಲ್ಲಿ ಮೂವತ್ತೆರಡು ವರ್ಷ ಗೇಜು (ಅಳತೆ ತಾಳೆ ನೋಡುವ ಸಾಧನ), ಫಿಕ್ಸ್ಚರು ಅಂತ ಕೈ ಮಸಿ ಮಾಡಿಕೊಂಡವನು. ಮಗಳು ಮ್ಯಾಸಚೂಸೆಟ್ಸ್‌ನಲ್ಲಿದ್ದಾಳೆ. ನಿಮ್ಮ ಕೋವಿ ಹುಟ್ಟಿದ ಜಾಗವನ್ನು ಎರಡು ಸಲ ನೋಡಿ ಬಂದಿದ್ದೇನೆ. ಅದು ಒಹಾಯೋದ್ದಲ್ಲ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1777ರಲ್ಲಿ, ಅಲ್ಲಿ ಶಸ್ತ್ರ ಉಗ್ರಾಣ ಮಾಡಿದರು. 1794ರಿಂದ ಸರ್ಕಾರಿ ಕಾರ್ಖಾನೆ. ಈಗ ವಸ್ತು ಸಂಗ್ರಹಾಲಯ.

ನಿಮ್ಮದಕ್ಕೆ ಬಳಕೆಯ ಹೆಸರೇ "ಟ್ರ್ಯಾಪ್‌ಡೋರ್". ನೀವು ಅಟ್ಟದ ಬಾಗಿಲು ಅಂದಿರಲ್ಲ, ಇಲ್ಲಿನವರಿಗೂ ಹಾಗೇ ಕಂಡಿದೆ! ಅಂತರ್ಯುದ್ಧ ಮುಗಿದಾಗ ಸರ್ಕಾರದ ಬಳಿ ನಿಮ್ಮಜ್ಜನ ಕೇಪಿನ ಕೋವಿಯಂಥವೇ, ಬಾಯಿಂದ ತುಂಬುವ .58 ಅಂಗುಲದ ಕೋವಿಗಳು ಲಕ್ಷಗಟ್ಟಲೆ ಉಳಿದಿದ್ದವು. ಅಷ್ಟರಲ್ಲಿ ತೋಟೆಯ ಕಾಲ ಬಂದಿತ್ತು. ಕಾರ್ಖಾನೆಯ ಹಿರಿಯ ಕುಶಲಿ ಅರ್ಸ್ಕಿನ್ ಆಲಿನ್ ಒಂದು ಉಪಾಯ ಮಾಡಿದ. ಹಳೇ ನಳಿಗೆಯ ಬುಡವನ್ನು ಮೇಲಿಂದ ಕೊರೆದು, ಕೀಲಿನ ಮುಚ್ಚಳ ಕೂರಿಸಿದ. ಇದ್ದದ್ದನ್ನು ಬಿಸಾಡದೆ ಹೊಸ ಕೆಲಸಕ್ಕೆ ಒಗ್ಗಿಸುವ ಅಂಥ ಬುದ್ಧಿ ನಮ್ಮ ಶಾಪಿನಲ್ಲೂ ಎಷ್ಟೋ ಹಿರಿಯರಲ್ಲಿ ಕಂಡಿದ್ದೇನೆ. ಆ ಕಲ್ಪನೆ ಪಕ್ವವಾಗಿ 1873ರ ಮಾದರಿ ಬಂತು. .45 ಅಂಗುಲದ ಗುಂಡು, 70 ಗ್ರೇನ್ (ಸುಮಾರು ನಾಲ್ಕೂವರೆ ಗ್ರಾಂ) ಕರಿಮದ್ದು. ಅದಕ್ಕೇ .45-70 ಅನ್ನುತ್ತಾರೆ. ಒಂದು ಸಲಕ್ಕೆ ಒಂದೇ ಗುಂಡು.

ಈಗ ಅಸಲಿಯ ವಿಚಾರ. ಮರದ ಮೇಲಿನ ಎಸ್‌ಡಬ್ಲ್ಯೂಪಿ ಅಂದರೆ ಸ್ಯಾಮ್ಯುಯೆಲ್ ಪೋರ್ಟರ್, ಕಾರ್ಖಾನೆಯ ತಪಾಸಣಾಧಿಕಾರಿ. 1888 ತಪಾಸಣೆಯ ವರ್ಷ. ಇದು ಒಳ್ಳೆಯ ಗುರುತು, ಆದರೆ ಮರವನ್ನು ಬದಲಿಸಿರಬಹುದು, ಕಬ್ಬಿಣವನ್ನೂ ನೋಡಬೇಕು. ಮುಚ್ಚಳದ ಹಿಂದೆ ಸೀರಿಯಲ್ ನಂಬರ್ ಇರುತ್ತದೆ. ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಂಪನಿ 1970ರ ದಶಕದಲ್ಲಿ ನಕಲು ಮಾಡಿತ್ತು, ಇಟಲಿಯವರೂ ಮಾಡಿದ್ದಾರೆ. ಅವುಗಳ ಮೇಲೆ ತಯಾರಕರ ಹೆಸರಿರುತ್ತದೆ. ಅಂಥ ಹೆಸರು ನಳಿಗೆಯ ಮೇಲಾಗಲಿ ಕೆಳಗಾಗಲಿ ಇದೆಯೇ, ಟಾರ್ಚು ಹಾಕಿ ನೋಡಿ. ಸೈನ್ಯ 1892ರಲ್ಲಿ ಕ್ರಾಗ್ ರೈಫಲ್ಲನ್ನು ಆರಿಸಿಕೊಂಡ ಮೇಲೆ ಟ್ರ್ಯಾಪ್‌ಡೋರ್ ತಯಾರಿಕೆ ನಿಂತಿತು. ಹಾಗಾಗಿ ಅಸಲಿ ಅಂತಾದರೆ 1898ರ ಗೆರೆಗಿಂತ ಮೊದಲಿನದು ಎಂಬುದರಲ್ಲಿ ಸಂಶಯವೇ ಇಲ್ಲ. ಆಮೇಲೆ ಇವನ್ನು ವ್ಯಾಪಾರಿಗಳು ಸಗಟಾಗಿ ಕೊಂಡು ಕ್ಯಾಟಲಾಗಿನ ಮೂಲಕ ಅಗ್ಗಕ್ಕೆ ಮಾರಿದರು. ಅಜ್ಜಿಯ ಮಾವನ ಮನೆಗೆ ಹಾಗೇ ಬಂದಿರಬೇಕು.

ಆ ಸಂಗ್ರಹಾಲಯಕ್ಕೆ ಮಗನನ್ನು ಖಂಡಿತ ಕರೆದುಕೊಂಡು ಹೋಗಿ. ಅಲ್ಲಿ ಥಾಮಸ್ ಬ್ಲಾಂಚಾರ್ಡ್‌ನ ಲೇಥ್ ಇದೆ. 1819ರಲ್ಲಿ ಪೇಟೆಂಟ್ ಪಡೆದದ್ದು. ಕೋವಿಯ ಮರ ಅಂದರೆ ಎಲ್ಲೂ ದುಂಡಗಿಲ್ಲ, ಎಲ್ಲೂ ನೇರವಿಲ್ಲ. ಒಂದು ಮಾದರಿಯ ಮೇಲೆ ಚಕ್ರ ಉರುಳುತ್ತಾ ಹೋದಂತೆ, ಪಕ್ಕದ ಕತ್ತರಿಚಕ್ರ ಮರದ ತುಂಡಿನಲ್ಲಿ ಅದೇ ಆಕಾರ ತೆಗೆಯುತ್ತದೆ. ಅದರ ಮುಂದೆ ನಾನು ಒಂದು ಗಂಟೆ ನಿಂತಿದ್ದೆ. ಒಂದು ಕೋವಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕು ಎಂಬ ಹಟದಿಂದ ಆ ಕಾರ್ಖಾನೆಯಲ್ಲಿ ಬೆಳೆದ ಗೇಜುಗಳ ಶಿಸ್ತೇ ಮುಂದೆ ಹೊಲಿಗೆ ಯಂತ್ರ, ಸೈಕಲ್ಲುಗಳಿಗೆ ಹೋಯಿತು. ನಾವು ಕಲಿತದ್ದೂ ಅದೇ ಶಿಸ್ತು.

ಆ ಕಾರ್ಖಾನೆ 1968ರಲ್ಲಿ ಮುಚ್ಚಿತು. ಕಾಯ್ದೆಕಟ್ಲೆ ಮೇಡಂ ಹೇಳಿದ 1898ರ ಗೆರೆ ಇರುವ ಕಾನೂನೂ 1968ರದ್ದೇ ಅಲ್ಲವೇ?

ತುಂಗಾತೀರ:

ಇಬ್ಬರಿಗೂ ನಮಸ್ಕಾರ, ದೊಡ್ಡ ಉಪಕಾರ. ಮೇಡಂ ಬರೆದದ್ದು ಓದಿದ ಹತ್ತೇ ನಿಮಿಷದಲ್ಲಿ ಡಬ್ಬಿ ಹಿಡಿದು ಅಜ್ಜಿಯ ಬಾಗಿಲು ತಟ್ಟಿದೆ. ವಿಷಯ ಹೇಳಿದರೆ ಅವರಿಗೇ ಬೇಜಾರಾಯಿತು. "ಇದಕ್ಕೆ ಇಷ್ಟೊಂದು ನಿಯಮ ಇದೆ ಅಂತ ನನಗೆ ಗೊತ್ತಿರಲಿಲ್ಲ" ಅಂದರು. ಆಮೇಲೆ ಅವರ ಅಡುಗೆಮನೆಯ ದೀಪದ ಕೆಳಗೆ ಇಬ್ಬರೂ ತೋಟೆಯ ತಳ ನೋಡಿದೆವು. ಆರ್, ಎಫ್, 3, 86 ಅಂತ ಇತ್ತು.

ಟಾರ್ಚು ಹಾಕಿ ಎಲ್ಲ ಕಡೆ ಹುಡುಕಿದೆ ಸರ್. ಬೇರೆ ಕಂಪನಿಯ ಹೆಸರಿಲ್ಲ. ಸೀರಿಯಲ್ ನಂಬರ್ ನೀವು ಹೇಳಿದ ಜಾಗದಲ್ಲೇ ಇದೆ.

ಮಗನ ಪ್ರಶ್ನೆ ಹಾಗೇ ಉಳಿದಿದೆ. ನೆನ್ನೆ ಮತ್ತೆ ಬಂದು ಕೇಳಿದ, "ಅಪ್ಪಾ, ಐದು ತೋಟೆ ವಾಪಸ್ ಕೊಡು ಅನ್ನುವ ಕಾನೂನು, ಆಯುಧದ ಹಕ್ಕು ಕಸಿಯಬಾರದು ಅನ್ನುವ ಸಂವಿಧಾನ, ಎರಡೂ ಒಂದೇ ದೇಶದ್ದಾ?" ಯಾರಾದರೂ ಹೇಳಿ.

ಹಳೇಲೇಥು:

ಎಫ್ ಅಂದರೆ ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಶಸ್ತ್ರಾಗಾರ. ಆರ್ ಅಂದರೆ ರೈಫಲ್ಲಿಗೆ. 1886ರ ಮಾರ್ಚಿನದು.

ಕಾಯ್ದೆಕಟ್ಲೆ:

ನಿಮ್ಮ ಮಗನ ಪ್ರಶ್ನೆಯನ್ನೇ ಇಲ್ಲಿನ ಸುಪ್ರೀಂ ಕೋರ್ಟು ಹದಿನೈದಕ್ಕೂ ಹೆಚ್ಚು ವರ್ಷದಿಂದ ಬಿಡಿಸುತ್ತಿದೆ. ನನ್ನ ಅಭಿಪ್ರಾಯವನ್ನೂ ಸೇರಿಸಿಯೇ ಹೇಳುತ್ತೇನೆ.

1791ರ ಎರಡನೇ ತಿದ್ದುಪಡಿ ಒಂದೇ ವಾಕ್ಯ. ಅದರ ಮೊದಲರ್ಧ, ಚೆನ್ನಾಗಿ ಶಿಸ್ತಿಗೊಳಪಟ್ಟ ನಾಗರಿಕ ಸೇನೆ ಸ್ವತಂತ್ರ ರಾಜ್ಯದ ಭದ್ರತೆಗೆ ಅಗತ್ಯ ಎನ್ನುತ್ತದೆ. ಎರಡನೆಯದು, ಆಯುಧ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಭಂಗ ಬರಬಾರದು ಎನ್ನುತ್ತದೆ. ಜಗಳವೆಲ್ಲ ಈ ಎರಡು ಅರ್ಧಗಳ ನಡುವೆ.

ಮರುವರ್ಷವೇ, 1792ರಲ್ಲಿ, ನಾಗರಿಕ ಸೇನೆಯ ಕಾಯ್ದೆ ಬಂತು. 18ರಿಂದ 45 ವಯಸ್ಸಿನ ಪ್ರತಿಯೊಬ್ಬ ಸ್ವತಂತ್ರ ಬಿಳಿಯ ಗಂಡಸೂ ಸ್ವಂತ ಖರ್ಚಿನಲ್ಲಿ ಒಳ್ಳೆಯ ಮಸ್ಕೆಟ್, ಬಯೋನೆಟ್ಟು, ಎರಡು ಹೆಚ್ಚುವರಿ ಚಕಮಕಿ ಕಲ್ಲು, ಕನಿಷ್ಠ 24 ತೋಟೆ ಹಿಡಿಯುವ ಚೀಲ ಹೊಂದಿಸಿಕೊಂಡು ಕವಾಯತಿಗೆ ಬರಬೇಕು. ಅಧಿಕಾರಿಗಳು ಅದನ್ನೆಲ್ಲ ತಪಾಸಣೆ ಮಾಡಿ ವರದಿ ಕಳಿಸಬೇಕು. ಮಗನಿಗೆ ಇದನ್ನು ಓದಿ ಹೇಳಿ. ಕೋವಿ ಮನೆಯದು, ಲೆಕ್ಕ ಸರ್ಕಾರದ್ದು. ಅದಕ್ಕೂ ಮೊದಲು, 1783ರಲ್ಲಿ, ಬಾಸ್ಟನ್ ಊರಿಗೆ ಒಂದು ಕಾನೂನು ಇತ್ತು: ಮದ್ದು ತುಂಬಿದ ಕೋವಿಯನ್ನು ಮನೆಯೊಳಗೆ ತರಬಾರದು. ಬೆಂಕಿಯ ಭಯ. ಇನ್ನು 1881ರ ಅಕ್ಟೋಬರ್ 26ರಂದು ಅರಿಝೋನಾದ ಟೂಮ್‌ಸ್ಟೋನ್‌ನಲ್ಲಿ ನಡೆದ ಹೆಸರಾಂತ ಗುಂಡಿನ ಕಾಳಗಕ್ಕೆ ನೆಪವಾದದ್ದೂ ಊರೊಳಗೆ ಆಯುಧ ಹೊತ್ತು ತಿರುಗಬಾರದೆಂಬ ಪುರಸಭೆಯ ಕಟ್ಟಳೆಯೇ. ಊರಿನ ಮಾರ್ಷಲ್ ವರ್ಜಿಲ್ ಅರ್ಪ್ ತಮ್ಮಂದಿರೊಂದಿಗೆ ಹೊರಟದ್ದು ಆ ಕಟ್ಟಳೆ ಜಾರಿ ಮಾಡಲು. ನಿಮ್ಮ ಕೋವಿ ತಯಾರಾಗುವ ಏಳು ವರ್ಷ ಮೊದಲಿನ ಮಾತು ಇದು.

ಹಳೇಲೇಥು ಸರ್ ಕೇಳಿದ 1968. ಅಧ್ಯಕ್ಷ ಕೆನಡಿಯನ್ನು ಕೊಂದ ರೈಫಲ್ ಇಟಲಿಯ ಹಳೇ ಸೈನ್ಯದ ಮಾಲು. ಷಿಕಾಗೋದ ಅಂಗಡಿಯಿಂದ ಸುಳ್ಳು ಹೆಸರಿನಲ್ಲಿ, ಅಂಚೆ ವೆಚ್ಚವೂ ಸೇರಿ 21 ಡಾಲರ್ 45 ಸೆಂಟ್‌ಗೆ ತರಿಸಿದ್ದು. ಐದು ವರ್ಷ ಎಳೆದಾಡಿ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಕೊಲೆಗಳೂ ಆದ ಮೇಲೆ 1968ರ ಅಕ್ಟೋಬರ್ 22ರಂದು ಆ ಕಾನೂನಿಗೆ ಸಹಿ ಬಿತ್ತು. ಅಂಚೆಯಲ್ಲಿ ಕೋವಿ ತರಿಸುವುದು ಹೆಚ್ಚುಕಡಿಮೆ ನಿಂತಿತು. ಸಂಗ್ರಾಹಕರಿಗಾಗಿ 1898ರ ಗೆರೆ ಉಳಿಯಿತು.

ಈಗ ಕೋರ್ಟಿನ ಕಥೆ. 1939ರ ಮಿಲ್ಲರ್ ಪ್ರಕರಣ ಒಂದು ಮೋಟು ಶಾಟ್‌ಗನ್ನಿನದು. ಅದನ್ನು ಒಕ್ಲಹಾಮಾದಿಂದ ಅರ್ಕನ್ಸಾಕ್ಕೆ ಒಯ್ದ ಇಬ್ಬರ ಮೇಲೆ ಕೇಸು. ಸುಪ್ರೀಂ ಕೋರ್ಟಿನಲ್ಲಿ ಅವರ ಪರವಾಗಿ ಯಾರೂ ಬರಲೇ ಇಲ್ಲ, ತೀರ್ಪು ಬರುವಷ್ಟರಲ್ಲಿ ಮಿಲ್ಲರ್ ಗುಂಡೇಟಿಗೆ ಸತ್ತಿದ್ದ. ಇಂಥ ಆಯುಧಕ್ಕೂ ನಾಗರಿಕ ಸೇನೆಗೂ ಸಂಬಂಧ ಕಾಣುತ್ತಿಲ್ಲ, ಆದ್ದರಿಂದ ರಕ್ಷಣೆಯಿಲ್ಲ ಎಂದರು. ಒಂದೇ ಕಡೆಯ ವಾದ ಕೇಳಿ ಕೊಟ್ಟ ಆ ತೀರ್ಪಿನ ಮೇಲೆ ಸುಮಾರು 70 ವರ್ಷ ಈ ಕಾನೂನು ನಿಂತಿತ್ತು. 2008ರ ಹೆಲ್ಲರ್ ಪ್ರಕರಣದಲ್ಲಿ 5-4ರ ಬಹುಮತದಿಂದ, ಮನೆಯಲ್ಲಿ ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದರು. ಬಹುಮತದ ತೀರ್ಪು ಬರೆದದ್ದು ನ್ಯಾಯಮೂರ್ತಿ ಸ್ಕಾಲಿಯಾ. ನಿಮ್ಮ ಮಗನ ಪ್ರಶ್ನೆಗೆ ಅವರ ಉತ್ತರವೂ ಅಲ್ಲೇ ಇದೆ: ವಾಕ್ ಸ್ವಾತಂತ್ರ್ಯ ಹೇಗೆ ಹೊಸ ಮಾಧ್ಯಮಕ್ಕೂ ಅನ್ವಯವೋ, ಹಾಗೆ ಈ ಹಕ್ಕು 1791ರ ಆಯುಧಕ್ಕಷ್ಟೇ ಸೀಮಿತವಲ್ಲ. ಆದರೆ ಹಕ್ಕಿಗೆ ಮಿತಿಯೇ ಇಲ್ಲ ಅಂತಲೂ ಅವರು ಹೇಳಲಿಲ್ಲ.

2022ರ ಬ್ರೂಯೆನ್ ತೀರ್ಪಿನಲ್ಲಿ, ಮನೆಯ ಹೊರಗೆ ಕೈಬಂದೂಕು ಒಯ್ಯಲು ನ್ಯೂಯಾರ್ಕ್‌ನಲ್ಲಿದ್ದ ಒಂದು ಶತಮಾನ ಹಳೆಯ ಪರವಾನಗಿ ನಿಯಮ ಬಿತ್ತು. ಇನ್ನು ಮುಂದೆ ಯಾವುದೇ ಕೋವಿ ಕಾನೂನು ಉಳಿಯಬೇಕಾದರೆ, ಅದು ದೇಶದ ಐತಿಹಾಸಿಕ ಪರಂಪರೆಗೆ ಹೊಂದುತ್ತದೆ ಎಂದು ಸರ್ಕಾರ ತೋರಿಸಬೇಕು. ಅಲ್ಲಿಂದ ಶುರುವಾಯಿತು ನೋಡಿ ಪಡಿಪಾಟಲು. ಜಿಲ್ಲಾ ನ್ಯಾಯಾಧೀಶರು ಹಳೇ ಕಟ್ಟಳೆಗಳ ಧೂಳು ಕೊಡವುತ್ತಾ ಕೂತರು. ಟೆಕ್ಸಾಸ್‌ನ ರಹೀಮಿ ಪ್ರಕರಣದಲ್ಲಿ, ಸಂಗಾತಿಯ ಮೇಲೆ ಕೈ ಮಾಡಿ ಕೋರ್ಟಿನ ನಿರ್ಬಂಧ ಹೊತ್ತ ಗಂಡಸಿನಿಂದ ಕೋವಿ ಕಸಿಯುವುದಕ್ಕೆ ಹಳೆಯ ನಿದರ್ಶನವಿಲ್ಲ ಎಂದು ಕೆಳಗಿನ ಕೋರ್ಟು ಕಾನೂನನ್ನೇ ತೆಗೆದುಹಾಕಿತು. ಹೆಂಗಸರ ಮೇಲಿನ ಹೊಡೆತವನ್ನು ಆ ಕಾಲದಲ್ಲಿ ಅಪರಾಧವೆಂದು ಎಷ್ಟು ಮಂದಿ ಬಗೆದಿದ್ದರು? ನಿದರ್ಶನ ಎಲ್ಲಿಂದ ಬರಬೇಕು? ಆ ದಿನ ನನಗೆ ಆದ ಸಂಕಟ ಇನ್ನೂ ನೆನಪಿದೆ. ನಮ್ಮ ಕಚೇರಿಗೆ ಅಂಥ ಹೆಂಗಸರು ಬರುತ್ತಾರೆ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 8-1ರಿಂದ ಅದನ್ನು ತಿರುಗಿಸಿತು. ಅಪಾಯಕಾರಿ ವ್ಯಕ್ತಿಯಿಂದ ಜಾಮೀನು ಬರೆಸಿಕೊಳ್ಳುವ, ಆಯುಧದಿಂದ ಬೆದರಿಸುವವನನ್ನು ತಡೆಯುವ ಕಾನೂನುಗಳು ಹಿಂದೆಯೂ ಇದ್ದವು, ತತ್ವ ಹೊಂದಿದರೆ ಸಾಕು, ಪಡಿಯಚ್ಚು ಬೇಕಿಲ್ಲ ಎಂದಿತು.

ನನ್ನ ಮಟ್ಟಿಗೆ, ಇತಿಹಾಸ ಕೇಳುವುದು ತಪ್ಪಲ್ಲ. ಆದರೆ ಒಂದು ಗುಂಡಿನ ಕೋವಿಯ ಕಾಲದವರು ಯಾವ ಅಪಾಯವನ್ನು ಕಾಣಲೇ ಇಲ್ಲವೋ, ಅದಕ್ಕೆ ಅವರ ಕಡತದಲ್ಲಿ ಮದ್ದು ಹುಡುಕುವುದು ನ್ಯಾಯವಲ್ಲ.

ಬಯಲುಸೀಮೆಯವ:

ಕಾಯ್ದೆಕಟ್ಲೆ ಮೇಡಂ, ನಿಮ್ಮ ಸಂಕಟ ಅರ್ಥವಾಗುತ್ತದೆ, ರಹೀಮಿ ತೀರ್ಪನ್ನು ನಾನೂ ಒಪ್ಪುತ್ತೇನೆ. ಆದರೆ ಹಳೇ ಕಾನೂನುಗಳ ಪಟ್ಟಿಯಲ್ಲಿ ನೀವು ಬಿಟ್ಟದ್ದನ್ನು ಸೇರಿಸಬೇಕು. ನಾನು ಟೆಕ್ಸಾಸ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಇರುವವನು, ಈಗ ಇಲ್ಲಿನ ಪ್ರಜೆ, ಮನೆಯಲ್ಲಿ ಎರಡು ಕೋವಿ ಇವೆ, ಬೀಗದ ಕಪಾಟಿನಲ್ಲಿ.

1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ, ಕರಿಯರನ್ನು ಪ್ರಜೆಗಳೆಂದು ಒಪ್ಪಿದರೆ ಅವರು ಹೋದಲ್ಲೆಲ್ಲ ಆಯುಧ ಒಯ್ಯುವ ಹಕ್ಕು ಪಡೆದುಬಿಡುತ್ತಾರೆ ಎಂದು ಮುಖ್ಯ ನ್ಯಾಯಮೂರ್ತಿ ಟೇನಿ ಭಯಪಟ್ಟು ಬರೆದ. ಅಂತರ್ಯುದ್ಧ ಮುಗಿದ ವರ್ಷವೇ, 1865ರಲ್ಲಿ, ಮಿಸಿಸಿಪ್ಪಿ ರಾಜ್ಯ ಬಿಡುಗಡೆಯಾದ ಗುಲಾಮರು ಲೈಸೆನ್ಸ್ ಇಲ್ಲದೆ ಕೋವಿ ಇಡಬಾರದೆಂದು ಕಾನೂನು ಮಾಡಿತು. ಆ ಲೈಸೆನ್ಸ್ ಕೊಡುವವರು ಯಾರು? ನೆನ್ನೆಯ ಯಜಮಾನರೇ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಕೋವಿ ಹಿಡಿದು ಕ್ಯಾಲಿಫೋರ್ನಿಯಾದ ವಿಧಾನಸೌಧಕ್ಕೆ ಬಂದ ಮೇಲೆ, ಬಹಿರಂಗವಾಗಿ ತುಂಬಿದ ಕೋವಿ ಒಯ್ಯುವುದನ್ನು ನಿಷೇಧಿಸಿದ ಕಾನೂನಿಗೆ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. 2010ರಲ್ಲಿ ಹೆಲ್ಲರ್ ತೀರ್ಪನ್ನು ರಾಜ್ಯಗಳಿಗೂ ವಿಸ್ತರಿಸಿದ ಪ್ರಕರಣ ಓಟಿಸ್ ಮೆಕ್‌ಡೊನಾಲ್ಡ್ ಎಂಬ ಷಿಕಾಗೋದ ನಿವೃತ್ತ ಕರಿಯ ಹಿರಿಯರದ್ದು. ಮನೆಗೆ ಮತ್ತೆ ಮತ್ತೆ ಕಳ್ಳರು ನುಗ್ಗಿದ್ದರು, ಕೈಬಂದೂಕು ಇಟ್ಟುಕೊಳ್ಳಲು ಊರು ಬಿಡುತ್ತಿರಲಿಲ್ಲ.

ನಿಮ್ಮ ಟ್ರ್ಯಾಪ್‌ಡೋರ್ ಕಥೆಯಲ್ಲೂ ಈ ಎಳೆ ಇದೆ ತುಂಗಾತೀರ ಅವರೇ. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿಯ ಕಾಳಗದಲ್ಲಿ ಅಮೆರಿಕದ ಸೈನ್ಯಾಧಿಕಾರಿ ಕಸ್ಟರ್‌ನ ಅಶ್ವದಳ ಹಿಡಿದದ್ದು ಅದರ ಮೋಟು ರೂಪವನ್ನು. ಎದುರಿಗಿದ್ದ ಲಕೋಟಾ, ಶೆಯೆನ್ ಎಂಬ ಮೂಲನಿವಾಸಿ ಜನರಲ್ಲಿ ಕೆಲವರ ಕೈಯಲ್ಲಿ ಒಂದರ ಹಿಂದೆ ಒಂದು ಗುಂಡು ಹಾರಿಸುವ ಹೆನ್ರಿ, ವಿಂಚೆಸ್ಟರ್ ಇದ್ದವು. ತಾಮ್ರದ ತೋಟೆ ನಳಿಗೆಯಲ್ಲಿ ಕಚ್ಚಿಕೊಂಡದ್ದರಿಂದಲೇ ಕಸ್ಟರ್‌ನವರು ಸೋತರು ಅಂತ ಬಹಳ ಕಾಲ ಹೇಳುತ್ತಿದ್ದರು. 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬಯಲಾದ ಮೇಲೆ ಅಗೆದು ನೋಡಿದರೆ, ಕಿತ್ತ ಗುರುತಿರುವ ತೋಟೆ ಸಿಕ್ಕಿದ್ದು ಕೆಲವೇ. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಅದೇ ಅಶ್ವದಳ ಲಕೋಟಾ ಜನರ ಕೋವಿಗಳನ್ನು ಕಸಿಯಲು ಹೊರಟದ್ದು ನರಮೇಧದಲ್ಲಿ ಮುಗಿಯಿತು. ಹೆಂಗಸರು, ಮಕ್ಕಳು ಸತ್ತರು. ಕೋವಿ ಕಾನೂನು ಎಂಬ ಮಾತು ಬಂದಾಗ ನನಗೆ ಈ ಪ್ರಶ್ನೆ ಏಳುತ್ತದೆ: ಯಾರ ಕೈಯಿಂದ, ಯಾರ ಮರ್ಜಿಯಿಂದ?

ಮರ್ಜಿ ಅಂದದ್ದಕ್ಕೆ ಕಾರಣವಿದೆ. ಊರಲ್ಲಿ ನಮ್ಮಪ್ಪ ಹೊಲ ಕಾಯಲು ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿ ಮೂರು ವರ್ಷ ಕಚೇರಿ ಅಲೆದರು. ಅದೇ ಬೀದಿಯ ಸಾಹುಕಾರರಿಗೆ ಮೂರು ತಿಂಗಳಲ್ಲಿ ಬಂತು. ನ್ಯೂಯಾರ್ಕಿನ ನಿಯಮದಲ್ಲೂ "ತಕ್ಕ ಕಾರಣ" ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವನು ಅಧಿಕಾರಿಯೇ ಆಗಿದ್ದ. ಹಿನ್ನೆಲೆ ತಪಾಸಣೆ ಇರಲಿ, ತರಬೇತಿ ಇರಲಿ, ನಾನು ಬೇಡ ಅನ್ನುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಇರಲಿ.

ಕಾಯ್ದೆಕಟ್ಲೆ:

ನಿಮ್ಮ ಮಾತು ಒಪ್ಪಿದೆ ಸರ್. ಮಿಸಿಸಿಪ್ಪಿಯ ಕಾನೂನನ್ನು ನಾನು ಬಿಟ್ಟದ್ದು ಸರಿಯಲ್ಲ. ಒಂದೇ ಅಳತೆ ಎಂಬುದರಲ್ಲಿ ನಿಮಗೂ ನನಗೂ ಜಗಳವಿಲ್ಲ. ಅಳತೆಗೋಲನ್ನು 1791ರಿಂದ ತರಬೇಕೇ ಎಂಬುದರಲ್ಲಿ ಮಾತ್ರ ಇದೆ, ಅದು ಹಾಗೇ ಇರಲಿ.

ತೋಕ್‌ಪೂ:

ಕೊಡಗಿನವಳು, ಒಂದೇ ಮಾತು ಸೇರಿಸುತ್ತೇನೆ. ಇತಿಹಾಸದ ಆಧಾರದ ಮೇಲೆ ಕೋವಿಯ ಹಕ್ಕು ಎಂಬುದು ನಮಗೆ ಹೊಸತಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಬಂತು. ಈಗಿನ ಶಸ್ತ್ರ ಕಾಯ್ದೆಯಲ್ಲೂ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಇದೆ, 2029ರವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೂ ವಿನಾಯಿತಿ ಪತ್ರಕ್ಕೆ ನಾವು ಅರ್ಜಿ ಕೊಟ್ಟೇ ಪಡೆಯುತ್ತೇವೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ದೀಪ ಹಚ್ಚುವಾಗ ಆ ಪತ್ರವೂ ಪಕ್ಕದ ಪೆಟ್ಟಿಗೆಯಲ್ಲೇ ಇರುತ್ತದೆ. ನಿಮ್ಮಜ್ಜನ ದೇವರ ಗೂಡಿನ ರಸೀದಿ ಓದಿದಾಗ ನಮ್ಮ ಕುಟುಂಬದ ಮೂಲಮನೆ, ಐನ್‌ಮನೆ, ನೆನಪಾಯಿತು.

ತುಂಗಾತೀರ:

ಎಲ್ಲರ ಉತ್ತರವನ್ನೂ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡ ಓದಿ ಓದಿ ಅರ್ಥ ಹೇಳಿದೆ. ಎರಡು ಸಂಜೆ ಹಿಡಿಯಿತು. 1792ರ ಕಾಯ್ದೆಯ ಎರಡು ಚಕಮಕಿ ಕಲ್ಲಿನ ಲೆಕ್ಕ ಕೇಳಿ ಅವನಿಗೆ ಬೆರಗು. ವೂಂಡೆಡ್ ನೀ ವಿಷಯಕ್ಕೆ ಬಂದಾಗ ಸುಮ್ಮನಾದ. ಆಮೇಲೆ ಕೋವಿಯನ್ನು ಹಾಲ್‌ನ ಗೋಡೆಗೆ ಹಾಕುವುದು ಬೇಡ, ತನ್ನ ಪುಸ್ತಕದ ಕಪಾಟಿನ ಮೇಲೆ ಮಲಗಿಸಿ ಇಡೋಣ ಅಂದ. ಹಾಗೇ ಆಗಲಿ ಅಂದೆ.

ನಮ್ಮ ವಕೀಲರನ್ನೂ ಕೇಳಿದೆ. ಕೋವಿಯ ಬಗ್ಗೆ, ತೋಟೆಯ ಬಗ್ಗೆ ಕಾಯ್ದೆಕಟ್ಲೆ ಮೇಡಂ ಹೇಳಿದ್ದನ್ನೇ ಅವರೂ ಹೇಳಿದರು. ಗುರುತುಗಳ ಫೋಟೋ ತೆಗೆದು ಇಟ್ಟುಕೊಳ್ಳಿ ಅಂದರು. ತೋಟೆಗಳನ್ನು ಅಜ್ಜಿ ಪೊಲೀಸರಿಗೆ ಫೋನ್ ಮಾಡಿ ಒಪ್ಪಿಸಿದರು. ಬಂದ ಅಧಿಕಾರಿ ಐದನ್ನೂ ಅಂಗೈಯಲ್ಲಿ ಹೊರಳಿಸಿ ನೋಡಿ, ಡಬ್ಬಿಯನ್ನು ಮಾತ್ರ ಅಜ್ಜಿಗೆ ವಾಪಸ್ ಕೊಟ್ಟರಂತೆ.

ಅಜ್ಜಿ ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಅವರನ್ನು ಊಟಕ್ಕೆ ಕರೆದಿದ್ದಳು. ನಾನು ಕೇಳಿಕೊಂಡದ್ದಕ್ಕೆ ಅವರು ಒಂದು ಹಾಳೆಯ ಮೇಲೆ ಕೈಬರಹದಲ್ಲಿ ಬರೆದುಕೊಟ್ಟರು: ಇದು ನನ್ನ ಗಂಡನ ತಾತನ ಕೋವಿ, ಪಕ್ಕದ ಮನೆಯ ಹುಡುಗನಿಗೆ ನನ್ನ ಇಷ್ಟದಿಂದ ಕೊಟ್ಟಿದ್ದೇನೆ. ಕೆಳಗೆ ತಾರೀಖು, ಸಹಿ. ಆ ಹಾಳೆಯನ್ನು ನನ್ನ ಹೆಂಡತಿ ದೇವರ ಗೂಡಿನಲ್ಲಿ, ಪಂಚಾಂಗದ ಕೆಳಗೆ ಇಟ್ಟಿದ್ದಾಳೆ. ನಾನು ಹೇಳಿದ್ದಲ್ಲ, ಅವಳೇ ಇಟ್ಟದ್ದು.

ಹಳೇಲೇಥು ಸರ್, ಒಂದು ಕೊನೆಯ ಪ್ರಶ್ನೆ. ಮರ ಒಣಗಿ ಬಿಳಿಚಿಕೊಂಡಿದೆ. ಪಾಲಿಶ್ ಹಾಕಲೇ?

ಹಳೇಲೇಥು:

ಪಾಲಿಶ್ ಬೇಡ, ಮರಳು ಕಾಗದ ಮುಟ್ಟಿಸಲೇಬೇಡಿ. ಪೋರ್ಟರನ ಅಚ್ಚು ಅಳಿಸಿಹೋಗುತ್ತದೆ. ಕಾರ್ಖಾನೆಯಲ್ಲಿ ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಹಳೇ ಹತ್ತಿ ಬಟ್ಟೆಗೆ ನಾಲ್ಕು ಹನಿ ಹಾಕಿ, ಅಂಗೈ ಬಿಸಿಯಾಗುವವರೆಗೆ ತಿಕ್ಕಿ ಒರೆಸಿಬಿಡಿ. ವರ್ಷಕ್ಕೊಂದು ಸಲ ಸಾಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ ಆಮೇಲೆ ಬಿಸಾಡಿ. ತಿಕ್ಕುವ ಕೆಲಸ ಮಗನ ಕೈಲಿ ಮಾಡಿಸಿ.